ಒಂದು ಹಂದಿ ಮೇವು ಬಿಟ್ಟಿದೆ, ಆರು ಕಿ.ಮೀ. ಆಚೆ ರೋಗ ಖಚಿತವಾಗಿದೆ: ಈಗ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ನಮ್ಮದು ಮಲೆನಾಡಿನ ಕಾಫಿ ತೋಟದ ಅಂಚಿನ ಸಣ್ಣ ಹಂದಿ ಸಾಕಣೆ. ತಾಯಿ ಹಂದಿ, ಮರಿ, ಮಾಂಸಕ್ಕೆ ಬೆಳೆಸುವವು ಎಲ್ಲ ಸೇರಿ 60. ಆರು ಕಿ.ಮೀ. ದೂರದ ಫಾರಂನಲ್ಲಿ ಹಂದಿಗಳು ಸತ್ತು, ಆಫ್ರಿಕನ್ ಹಂದಿ ಜ್ವರ ಎಂದು ಲ್ಯಾಬ್ ವರದಿ ಬಂದಿದೆ. ನಾವು 20 ದಿನದ ಹಿಂದೆ 12 ಮರಿ ತಂದಿದ್ದೆವು. 9 ದಿನದ ಹಿಂದೆ ವ್ಯಾಪಾರಿ ಪಿಕಪ್ ತಂದು 4 ಹಂದಿ ಒಯ್ದರು. 6 ದಿನದ ಹಿಂದೆ ನಮ್ಮ ಗಂಡು ಹಂದಿಯನ್ನು ಪಕ್ಕದ ತೋಟದವರು ಹೆಣ್ಣಿಗೆ ಬಿಡಲು ಒಯ್ದು, ಎರಡು ದಿನ ಇಟ್ಟುಕೊಂಡು ತಂದುಬಿಟ್ಟರು. ಪೇಟೆಯ ಎರಡು ಹೋಟೆಲಿನಿಂದ ದಿನಾ ಮುಸುರೆ ಬರುತ್ತದೆ. ನಿನ್ನೆಯಿಂದ ಗೇಟಿನ ಪಕ್ಕದ ಗೂಡಿನ ಒಂದು ಹಂದಿ ಮೇವು ಮುಟ್ಟುತ್ತಿಲ್ಲ, ಮೈ ಬಿಸಿ ಇದೆ. ಹೊಸ ಮರಿಗಳು ಚೆನ್ನಾಗಿವೆ. ಗಾಳಿಯಲ್ಲಿ, ಕಾಗೆಯಿಂದ, ಸೊಳ್ಳೆಯಿಂದ ಬರುತ್ತದೆ ಅನ್ನುತ್ತಾರೆ. ತಿಳಿಸಿದರೆ ಎಲ್ಲವನ್ನೂ ಕೊಲ್ಲುತ್ತಾರೆ, ಅದಕ್ಕೆ ಮೊದಲು ಮಾರಿಬಿಡಿ ಅನ್ನುವವರೂ ಇದ್ದಾರೆ. ರೋಗ ಎಲ್ಲಿಂದ ಬಂತು ಎಂದು ಹೇಗೆ ಪತ್ತೆ ಮಾಡುತ್ತಾರೆ? ಲಸಿಕೆ ಇದೆಯೇ? ನಾವು ಏನು ಮಾಡಬೇಕು?

ಉತ್ತರ: ಮೊದಲು ಆ ಒಂದು ಹಂದಿಯ ವಿಷಯ, ಉಳಿದದ್ದು ಆಮೇಲೆ. ಇವತ್ತೇ ನಿಮ್ಮ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ‘ಆರು ಕಿ.ಮೀ.ಯಲ್ಲಿ ಆಫ್ರಿಕನ್ ಹಂದಿ ಜ್ವರ ಇದೆ, ನನ್ನ ಗೂಡಿನಲ್ಲಿ ಒಂದಕ್ಕೆ ಜ್ವರ ಬಂದಿದೆ’ ಎಂದು ಬಿಡಿಸಿ ಹೇಳಿ. ‘ಹಂದಿ ಮೇವು ತಿಂತಿಲ್ಲ’ ಎಂದಷ್ಟೇ ಹೇಳಿದರೆ ಡಾಕ್ಟರು ಮಾಮೂಲಿ ಕೇಸು ಎಂದುಕೊಂಡು ಬೇರೆ ದೊಡ್ಡಿಗಳನ್ನು ಮುಗಿಸಿ ಅದೇ ಬೂಟಿನಲ್ಲಿ ಬಂದಾರು, ನಿಮ್ಮಲ್ಲಿಂದ ಹಾಗೆಯೇ ಮುಂದಿನ ಮನೆಗೂ ಹೋದಾರು. ವಿಷಯ ಗೊತ್ತಿದ್ದರೆ ಬೇರೆ ಬಟ್ಟೆ, ಕೈಗವಸು, ರಕ್ತದ ಟ್ಯೂಬು, ಐಸ್ ಡಬ್ಬಿ ಹಿಡಿದು ಬರುತ್ತಾರೆ. ಅವರು ಬರುವ ತನಕ ಆ ಗೂಡಿನ ಹಂದಿಗಳನ್ನು ಬೇರೆ ಗೂಡಿಗೆ ಸೇರಿಸಬೇಡಿ. ಜ್ವರದ್ದು ಸತ್ತರೆ ಕೊಯ್ದು ನೋಡಬೇಡಿ. ಈ ರೋಗದಲ್ಲಿ ಒಂದು ಹನಿ ರಕ್ತದಲ್ಲೇ ಲಕ್ಷಗಟ್ಟಲೆ ವೈರಸ್ ಇರುತ್ತದೆ. ಗೂಡಿನ ನೆಲದ ಮೇಲೆ ಹೊಟ್ಟೆ ಸೀಳಿದರೆ ಅಲ್ಲಿಯವರೆಗೆ ಒಂದೇ ಹಂದಿಯಲ್ಲಿದ್ದ ರೋಗ ಇಡೀ ಶೆಡ್ಡಿನದಾಗುತ್ತದೆ.

ಈಗ ಗಾಳಿ, ಕಾಗೆ, ಸೊಳ್ಳೆ. ಗಾಳಿಯಲ್ಲಿ ಈ ವೈರಸ್ ಒಂದೇ ಶೆಡ್ಡಿನೊಳಗೆ ಕೆಲವು ಮೀಟರ್ ಹೋಗಬಹುದು, ಅಷ್ಟೇ. ಆರು ಕಿ.ಮೀ. ಗಾಳಿಯಲ್ಲಿ ತೇಲಿ ಬರುವ ರೋಗ ಇದಲ್ಲ. ಕಾಗೆ, ನಾಯಿ ಸತ್ತ ಹಂದಿಯ ತುಂಡು ಎಳೆದು ತರಬಹುದು, ಹೆಣವನ್ನು ಬಯಲಲ್ಲಿ ಎಸೆದ ಕಡೆ ಇದು ನಿಜವಾದ ಅಪಾಯ. ಸೊಳ್ಳೆ ಹರಡುತ್ತದೆ ಎನ್ನಲು ಆಧಾರವಿಲ್ಲ. ಆಫ್ರಿಕಾದಲ್ಲಿ ಒಂದು ಜಾತಿಯ ಮೆದು ಉಣ್ಣೆ ಈ ವೈರಸ್ಸನ್ನು ವರ್ಷಗಟ್ಟಲೆ ಹೊತ್ತಿಟ್ಟುಕೊಳ್ಳುತ್ತದೆ. ಭಾರತದಲ್ಲಿ ಕಂಡಿರುವ ಹರಡುವಿಕೆಗೆ ಉಣ್ಣೆ ಬೇಕಾಗಿಯೇ ಇಲ್ಲ, ಮನುಷ್ಯರ ಓಡಾಟವೇ ಸಾಕು. ಮನುಷ್ಯರಿಗೆ ಬಂದ ‘ಹಂದಿ ಜ್ವರ’ ಎಚ್1ಎನ್1 ಬೇರೆಯೇ ವೈರಸ್. ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಅಂಟುವುದಿಲ್ಲ, ಚೆನ್ನಾಗಿ ಬೇಯಿಸಿದ ಮಾಂಸದಿಂದ ತಿಂದವರಿಗೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಆ ಮಾಂಸ ತೊಳೆದ ನೀರಿನಲ್ಲಿ, ಕತ್ತರಿಸಿ ಬಿಸಾಕಿದ ಚೂರಿನಲ್ಲಿ. ಅದು ಹಂದಿಯ ಬಾಯಿಗೆ ಹೋಗಬಾರದು.

ರೋಗ ಎಷ್ಟು ವೇಗವಾಗಿ, ಯಾವ ಕಾಲಿನಲ್ಲಿ ನಡೆಯುತ್ತದೆ ಎಂಬುದು ನಕ್ಷೆ ನೋಡಿದರೆ ತಿಳಿಯುತ್ತದೆ. ಯುರೋಪಿನಲ್ಲಿ ಕಾಡುಹಂದಿಗಳ ಮೂಲಕ ಅದು ತಿಂಗಳಿಗೆ ಸುಮಾರು ಒಂದೆರಡು ಕಿ.ಮೀ. ತೆವಳುತ್ತದೆ. ನಮ್ಮಲ್ಲಿ 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಮೊದಲು ಕಾಣಿಸಿದ್ದು 2022ರ ಜುಲೈಗೆ ವಯನಾಡಿನಲ್ಲಿತ್ತು. ಎರಡು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕಿ.ಮೀ. ಯಾವ ಕಾಡುಹಂದಿಯೂ ನಡೆಯುವುದಿಲ್ಲ. ಲಾರಿ, ಮಾಂಸ, ಚೀಲ, ಬೂಟು ಹೋಗುತ್ತವೆ. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಅದು ಬಂದದ್ದೂ ಪೋಟಿ ಬಂದರಿನ ಹಡಗುಗಳಿಂದ ಇಳಿದ ಅಡುಗೆ ಮುಸುರೆಯಿಂದ ಎಂಬುದೇ ಹೆಚ್ಚಿನವರು ಒಪ್ಪುವ ವಿವರಣೆ. ಇವತ್ತು ಯುರೋಪ್, ಏಷ್ಯಾಗಳಲ್ಲಿ ಹಬ್ಬಿರುವುದರ ಬಹುಪಾಲು ಆ ಒಂದು ಪ್ರವೇಶದ ಸಂತಾನ.

ಹಾಗಾಗಿ ಪತ್ತೆ ಕೆಲಸ ನಡೆಯುವುದು ಹೆಚ್ಚಾಗಿ ಪುಸ್ತಕ, ಫೋನಿನ ಕರೆಪಟ್ಟಿ, ವಾಹನದ ಓಡಾಟಗಳ ಮೇಲೆ. ‘ಲ್ಯಾಬ್‌ನಲ್ಲಿ ಜೀನ್ ಓದಿದರೆ ಯಾರ ಫಾರಂನಿಂದ ಬಂತು ಅಂತ ಗೊತ್ತಾಗಲ್ವೇ?’ ಎಂದು ಬಹಳ ಜನ ಕೇಳುತ್ತಾರೆ. ಕೊರೊನಾ ಕಾಲದಲ್ಲಿ ವಾರಕ್ಕೊಂದು ರೂಪಾಂತರಿ ಸುದ್ದಿ ಓದಿದ ಮೇಲೆ ಈ ನಿರೀಕ್ಷೆ ಸಹಜ. ಆದರೆ ಅದು ಆರ್‌ಎನ್‌ಎ ವೈರಸ್, ಬೇಗ ಬೇಗ ಬದಲಾಗುತ್ತದೆ. ಇದು ಎರಡೆಳೆಯ ಡಿಎನ್‌ಎ ವೈರಸ್, ಬಹಳ ದೊಡ್ಡದು, 1,70,000ದಿಂದ 1,90,000 ಅಕ್ಷರಗಳಷ್ಟು ಉದ್ದ, ಬದಲಾಗುವುದು ಮಾತ್ರ ನಿಧಾನ. ಪಿ72 ಎಂಬ ಪ್ರೋಟೀನಿನ ಜೀನ್ ಓದಿ ಇದು ಎಷ್ಟನೇ ಜೀನೋಟೈಪ್, ಅಂದರೆ ವೈರಸ್ಸಿನ ಯಾವ ತಳಿಗುಂಪು, ಎಂದು ಹೇಳಬಹುದು. ಭಾರತದಲ್ಲಿ ಕಂಡಿರುವುದು 2. ಇಡೀ ಜೀನೋಮ್ ಓದಿದರೆ ಒಂದು ಪ್ರದೇಶದ ಗುಂಪನ್ನು ಇನ್ನೊಂದರಿಂದ ಬೇರ್ಪಡಿಸಬಹುದು. ಒಂದೇ ತಿಂಗಳಲ್ಲಿ ಒಂದೇ ತಾಲ್ಲೂಕಿನ ಎರಡು ಶೆಡ್ಡುಗಳ ನಡುವೆ ಯಾರಿಂದ ಯಾರಿಗೆ ಎಂದು ಹೇಳುವಷ್ಟು ವ್ಯತ್ಯಾಸ ಸಾಮಾನ್ಯವಾಗಿ ಸಿಗುವುದಿಲ್ಲ. ಆ ಉತ್ತರ ಇರುವುದು ನಿಮ್ಮ ನೆನಪಿನಲ್ಲಿ, ವ್ಯಾಪಾರಿಯ ಡೈರಿಯಲ್ಲಿ.

ಪತ್ತೆಯ ಲೆಕ್ಕ ಶುರುವಾಗುವುದು ಒಂದು ದಿನಾಂಕದಿಂದ: ಆ ಶೆಡ್ಡಿನಲ್ಲಿ ಮೊದಲ ಹಂದಿ ಮಂಕಾದ ದಿನ. ವರದಿ ಬಂದ ದಿನವನ್ನು ಹಿಡಿದರೆ ಲೆಕ್ಕ ತಪ್ಪುತ್ತದೆ. ಈ ರೋಗ ತಗುಲಿದ ಹಂದಿಗಳಲ್ಲಿ ಸಾವು ನೂರಕ್ಕೆ ನೂರರ ಹತ್ತಿರ ಹೋಗಬಹುದು, ಆದರೆ ಹರಡುವುದು ಶುರುವಿನಲ್ಲಿ ನಿಧಾನ. ಮೊದಲ ವಾರ ಒಂದು, ಆಮೇಲೆ ಎರಡು, ಆಮೇಲೆ ಒಮ್ಮೆಲೇ ಹತ್ತು. ಮೊದಲ ಸಾವನ್ನು ಬಿಸಿಲಿಗೋ ಹಾವಿಗೋ ವಿಷದ ಮೇವಿಗೋ ಹಾಕಿ ಮರೆತಿರುತ್ತಾರೆ. ವಿಚಾರಿಸುವವರು ಆ ಮರೆತ ಸಾವನ್ನೇ ಹುಡುಕುತ್ತಾರೆ. ಅದು ಸಿಕ್ಕ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 4ರಿಂದ 19 ದಿನ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಸಂಹಿತೆ ನಿಯಮಕ್ಕಾಗಿ 15 ದಿನ ಎಂದು ಹಿಡಿಯುತ್ತದೆ. ಕಣ್ತಪ್ಪಿದ ಮೊದಲ ಕೇಸಿಗೂ ಜಾಗ ಬಿಟ್ಟು 30 ದಿನದ ಕಿಟಕಿ ಇಟ್ಟುಕೊಳ್ಳುವುದು ಒಳ್ಳೆಯದು. ಆ 30 ದಿನದಲ್ಲಿ ಒಳಗೆ ಬಂದದ್ದೆಲ್ಲ ಹಿಂದಿನ ಜಾಡು. ಸೋಂಕು ಹೊಕ್ಕಿರಬಹುದಾದ ಮೊದಲ ದಿನದಿಂದ ಇವತ್ತಿನವರೆಗೆ ಹೊರಗೆ ಹೋದದ್ದೆಲ್ಲ ಮುಂದಿನ ಜಾಡು.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. ಹಂದಿ ಮಂಕಾದದ್ದು ನಿನ್ನೆ. ಹೊಸ ಮರಿಗಳು ಬಂದು 20 ದಿನ, ಹನ್ನೆರಡೂ ಚುರುಕಾಗಿವೆ. ಅವು ಸೋಂಕು ಹೊತ್ತು ಬಂದಿದ್ದರೆ ಇಷ್ಟರಲ್ಲಿ ಅವುಗಳಲ್ಲೇ ಮೊದಲು ಕಾಣಬೇಕಿತ್ತು. ಪೂರ್ತಿ ಬಿಡುವಂತಿಲ್ಲ, ಪಟ್ಟಿಯಲ್ಲಿ ಕೆಳಗೆ ಹಾಕಬಹುದು. ವ್ಯಾಪಾರಿಯ ಪಿಕಪ್ ಬಂದದ್ದು ಲಕ್ಷಣಕ್ಕೆ 8 ದಿನ ಮೊದಲು, ಮಂಕಾದ ಹಂದಿ ಇರುವುದು ಗೇಟಿನ ಪಕ್ಕ, ಅಂದರೆ ಹಂದಿ ಹತ್ತಿಸಿದ ಜಾಗದಲ್ಲೇ. ದಿನವೂ ಜಾಗವೂ ಹೊಂದುತ್ತವೆ, ಇದು ಪಟ್ಟಿಯ ಮೇಲೆ. ಅವರನ್ನು ಕೇಳಬೇಕಾದ ಪ್ರಶ್ನೆ ‘ರೋಗ ತಂದಿರಾ?’ ಎಂದಲ್ಲ; ಅಂದು ಬೆಳಗ್ಗೆ ನಮ್ಮಲ್ಲಿಗೆ ಬರುವ ಮೊದಲು ಯಾರ ಶೆಡ್ಡಿಗೆ ಹೋಗಿದ್ದಿರಿ, ಗಾಡಿಯಲ್ಲಿ ಆಗಲೇ ಹಂದಿ ಇತ್ತೇ, ಗಾಡಿಯ ತಳಕ್ಕೆ ಹಾಸಿದ ಹುಲ್ಲು ಎಲ್ಲಿಯದು, ನಿಮ್ಮ ಹುಡುಗರು ಗೂಡಿನೊಳಗೆ ಇಳಿದರೇ, ಹಗ್ಗ ಮತ್ತು ಕೋಲು ಯಾರವು ಎಂದು. ಆರು ಕಿ.ಮೀ. ಆಚೆಯ ಆ ಫಾರಂಗೆ ಅದೇ ವಾರ ಅವರು ಹೋಗಿದ್ದರೆ ಕೊಂಡಿ ಬಹುಮಟ್ಟಿಗೆ ಸಿಕ್ಕಂತೆ.

ಗಂಡು ಹಂದಿ ಎರಡೂ ಪಟ್ಟಿಯಲ್ಲಿದೆ. ಅದು ಅಲ್ಲಿಂದ ರೋಗ ತಂದಿದ್ದರೆ ಮೊದಲು ಮಲಗಬೇಕಾದ್ದು ಅದೇ, ಗೇಟಿನ ಪಕ್ಕದ್ದಲ್ಲ. ಅದೂ ಅಲ್ಲದೆ ವಾಪಸ್ ಬಂದು ಮೂರೇ ದಿನಕ್ಕೆ ಇನ್ನೊಂದು ಹಂದಿಗೆ ಜ್ವರ ಏರುವುದು ಕಷ್ಟ. ಆದರೆ 9 ದಿನದ ಹಿಂದೆಯೇ ನಿಮ್ಮ ಗೂಡಿಗೆ ವೈರಸ್ ಹೊಕ್ಕಿದ್ದರೆ, ಇದು ಅದನ್ನು ಪಕ್ಕದ ತೋಟಕ್ಕೆ ಒಯ್ದಿರುವ ಸಣ್ಣ ಸಾಧ್ಯತೆ ಇದೆ. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹಂದಿ ವೈರಸ್ ಉದುರಿಸಲು ಶುರು ಮಾಡಬಹುದು. ಆ ಮನೆಯವರಿಗೆ ಇವತ್ತೇ ಫೋನ್ ಮಾಡಿ ಹೇಳಿ, ಹೋಗಿ ಹೇಳಬೇಡಿ. ಒಯ್ದ 4 ಹಂದಿಗಳು ಎಲ್ಲಿ ಕಡಿಯಲ್ಪಟ್ಟವು, ಮಾಂಸ ಯಾವ ಅಂಗಡಿಗೆ ಹೋಯಿತು, ಕರುಳು ಮತ್ತು ರಕ್ತ ಎಲ್ಲಿ ಸುರಿದರು ಎಂಬುದೂ ಮುಂದಿನ ಜಾಡಿನ ಭಾಗ. ಇದನ್ನು ಅಧಿಕಾರಿಗಳು ವಿಚಾರಿಸುತ್ತಾರೆ. ನೀವು ವ್ಯಾಪಾರಿಯ ಹೆಸರು, ಗಾಡಿ ನಂಬರು, ಬಂದ ಹೊತ್ತು ಬರೆದಿಟ್ಟರೆ ಅವರ ಎರಡು ದಿನ ಉಳಿಯುತ್ತದೆ. ನೆನಪಾಗದಿದ್ದರೆ ಫೋನಿನ ಕರೆಪಟ್ಟಿ, ಯುಪಿಐ ಹಣದ ಸಂದೇಶ ನೋಡಿ, ದಿನಾಂಕ ಅಲ್ಲೇ ಇರುತ್ತದೆ.

ಇನ್ನು ಮುಸುರೆ. ಇದಕ್ಕೆ ದಿನಾಂಕವೇ ಇಲ್ಲ, ದಿನಾ ಬರುತ್ತದೆ. ಹಾಗಾಗಿಯೇ ಪತ್ತೆಗೆ ಇದರಷ್ಟು ತಲೆನೋವು ಬೇರೆ ಇಲ್ಲ. ಹೋಟೆಲಿನಲ್ಲಿ ಹಂದಿ ಮಾಂಸ ಮಾಡುತ್ತಾರೆಯೇ, ಹಸಿ ಮಾಂಸದ ಚೂರು ಮತ್ತು ತೊಳೆದ ನೀರು ಅದೇ ಡ್ರಮ್ಮಿಗೆ ಬೀಳುತ್ತದೆಯೇ, ಆ ಡ್ರಮ್ಮು ನಿಮ್ಮೊಬ್ಬರದೋ ಅಥವಾ ಇನ್ನೊಬ್ಬ ಸಾಕಣೆಗಾರರ ಡ್ರಮ್ಮಿನ ಜೊತೆ ಅದಲುಬದಲಾಗುತ್ತದೆಯೋ ನೋಡಿ. ‘ಕುದಿಸಿ ಹಾಕ್ತೀವಿ’ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಇಷ್ಟು: ತಿರುವುತ್ತಲೇ ಇದ್ದು, ಎಲ್ಲ ಭಾಗವೂ 90 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಅಲ್ಲಿ 60 ನಿಮಿಷ ನಿಲ್ಲಬೇಕು. 200 ಲೀಟರ್ ಡ್ರಮ್ಮಿನಡಿ ಸೌದೆ ಉರಿಸಿದರೆ ಅಂಚು ಕುದಿಯುವಾಗ ನಡುವಿನ ಅನ್ನದ ಮುದ್ದೆ ಉಗುರುಬೆಚ್ಚಗೆ ಇರುತ್ತದೆ. ಹಸಿ ಮುಸುರೆ ತೋಡಿದ ಬಕೀಟಿನಲ್ಲೇ ಬೆಂದದ್ದನ್ನು ಹಂಚಿದರೆ ಅಷ್ಟೂ ಸೌದೆ ದಂಡ. ಈಗಿನ ಪರಿಸ್ಥಿತಿಯಲ್ಲಿ ಮುಸುರೆ ಪೂರ್ತಿ ನಿಲ್ಲಿಸಿ. ಅಕ್ಕಿ ತೌಡು, ಮೆಕ್ಕೆಜೋಳದ ನುಚ್ಚು, ಸೋಯಾ ಅಥವಾ ಕಡಲೆಕಾಯಿ ಹಿಂಡಿ, ಖನಿಜ ಮಿಶ್ರಣ. ಬೆಳೆದ ಹಂದಿಗೆ ದಿನಕ್ಕೆ 2ರಿಂದ 2.5 ಕೆ.ಜಿ. ಖರ್ಚು ಜಾಸ್ತಿ, ಮುಸುರೆಯ ಲಾಭದ ಮೇಲೇ ನಿಂತ ಸಾಕಣೆಗೆ ಇದು ನಿಜಕ್ಕೂ ಹೊಡೆತ. ಮೇವು ತಟ್ಟನೆ ಬದಲಾದಾಗ ಎರಡು ದಿನ ಸಗಣಿ ತೆಳ್ಳಗಾಗಬಹುದು. ಅದಕ್ಕೇ ಪ್ರತಿದಿನ ಜ್ವರ ನೋಡಬೇಕು, ಭೇದಿಯೊಂದನ್ನೇ ನೋಡಿ ಗಾಬರಿಯಾಗಬಾರದು.

ಪರೀಕ್ಷೆಯ ವಿಷಯದಲ್ಲಿ ಎರಡು ತಪ್ಪು ಕಲ್ಪನೆ ಇವೆ: ಎಲ್ಲ ಹಂದಿಗಳ ರಕ್ತ ತೆಗೆದರೇ ಖಾತ್ರಿ ಎಂದು ಕೆಲವರು, ಯಾವುದಾದರೂ ನಾಲ್ಕಾರು ತೆಗೆದರೆ ಸಾಕು ಎಂದು ಕೆಲವರು. 60ರಲ್ಲಿ ಎರಡಕ್ಕೆ ಮಾತ್ರ ಸೋಂಕು ಇದ್ದರೆ, ಕಂಡ ಕಂಡ ಹಂದಿಗಳನ್ನು ಹಿಡಿದು ಶೇ 95ರ ಭರವಸೆಯಲ್ಲಿ ಒಂದನ್ನಾದರೂ ಪತ್ತೆ ಮಾಡಲು 47 ಹಂದಿಗಳ ರಕ್ತ ಬೇಕು. ಸೋಂಕು ಆರಕ್ಕೆ ಹಬ್ಬಿದ್ದರೆ 23 ಸಾಕು. ಸತ್ತದ್ದು ಅಥವಾ ಜ್ವರ ಬಂದದ್ದನ್ನೇ ಆರಿಸಿದರೆ ಒಂದೆರಡೇ ಸಾಕು. ಆರೋಗ್ಯದ ಹಂದಿ ಐದರ ರಕ್ತ ತೆಗೆದು ‘ನೆಗೆಟಿವ್’ ಎಂದು ನೆಮ್ಮದಿಯಾಗಿ ಕೂತವರಿಗೆ ಹದಿನೈದು ದಿನದಲ್ಲಿ ಶೆಡ್ಡು ಖಾಲಿಯಾದದ್ದಿದೆ. ನಿಮ್ಮ ಜ್ವರದ ಹಂದಿಯ 3–4 ಮಿ.ಲೀ. ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದು, ಹೆಪ್ಪುಗಟ್ಟದಂತೆ ಮೆಲ್ಲಗೆ ಅಲುಗಿಸಿ, ಐಸ್ ಪ್ಯಾಕಿನ ಜೊತೆ ಕಳಿಸುತ್ತಾರೆ. ಸತ್ತಿದ್ದರೆ ಗುಲ್ಮ, ದುಗ್ಧಗ್ರಂಥಿ, ಟಾನ್ಸಿಲ್. ಹೆಣ ಕೊಳೆತಿದ್ದರೆ ಉದ್ದ ಮೂಳೆ, ಯಾಕೆಂದರೆ ಮಜ್ಜೆಯಲ್ಲಿ ವೈರಸ್ ಬಹಳ ದಿನ ಉಳಿಯುತ್ತದೆ. ಫಾರ್ಮಲಿನ್‌ಗೆ ಹಾಕಿದರೆ, ವೈರಸ್ಸಿನ ಜೀನ್ ಹುಡುಕುವ ಪರೀಕ್ಷೆಯಾದ ಪಿಸಿಆರ್‌ಗೆ ಆ ಮಾದರಿ ಹಾಳು. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ನಮ್ಮ ಭಾಗದ ರೋಗಪತ್ತೆ ಕೇಂದ್ರ; ಈ ರೋಗಕ್ಕೆ ರಾಷ್ಟ್ರಮಟ್ಟದ ಉಲ್ಲೇಖ ಪ್ರಯೋಗಾಲಯ ಇರುವುದು ಭೋಪಾಲ್‌ನಲ್ಲಿ. ಪ್ರತಿಕಾಯ ಪರೀಕ್ಷೆ ಈಗ ಕೆಲಸಕ್ಕೆ ಬರುವುದಿಲ್ಲ. ಪ್ರತಿಕಾಯ ಮೂಡಲು ವಾರಕ್ಕಿಂತ ಹೆಚ್ಚು ಬೇಕು, ಬಹಳಷ್ಟು ಹಂದಿಗಳು ಅಷ್ಟರೊಳಗೆ ಸತ್ತಿರುತ್ತವೆ.

ಲಸಿಕೆ: ಆಫ್ರಿಕನ್ ಹಂದಿ ಜ್ವರಕ್ಕೆ ಭಾರತದಲ್ಲಿ ಬಳಕೆಗೆ ಅನುಮತಿ ಪಡೆದ ಲಸಿಕೆ ಇಲ್ಲ. ವಿಯೆಟ್ನಾಂ 2022ರಿಂದ ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆಗಳನ್ನು ಬಳಸುತ್ತಿದೆ, ಅವುಗಳ ಸುರಕ್ಷತೆಯ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಯಾರಾದರೂ ಕದ್ದು ತಂದದ್ದನ್ನು ಮಾರಲು ಬಂದರೆ ಗೇಟಿನಿಂದಲೇ ಕಳಿಸಿ. ಕ್ಲಾಸಿಕಲ್ ಹಂದಿ ಜ್ವರ ಬೇರೆ ವೈರಸ್ಸಿನ ರೋಗ, ಅದಕ್ಕೆ ಲಸಿಕೆ ಇದೆ, ಆ ಲಸಿಕೆ ಇದಕ್ಕೆ ರಕ್ಷಣೆ ಕೊಡುವುದಿಲ್ಲ; ಆದರೂ ಹಾಕಿಸಿದ ಹಿಂಡಿನಲ್ಲಿ ಸಾವು ಬಂದಾಗ ಅನುಮಾನ ಬೇಗ ಸರಿಯಾದ ಕಡೆ ತಿರುಗುತ್ತದೆ. ಆದರೆ ಈಗ, ಜ್ವರ ಇರುವ ಹಿಂಡಿಗೆ ಯಾವ ಚುಚ್ಚುಮದ್ದೂ ಸಾಲಾಗಿ ಹಾಕಿಸಬೇಡಿ. ಒಂದೇ ಸೂಜಿ ಗೂಡಿನಿಂದ ಗೂಡಿಗೆ ಹೋದರೆ ಅದೇ ಸೋಂಕಿನ ದಾರಿ. ಹಾಕಲೇಬೇಕಾದರೆ ಹಂದಿಗೊಂದು ಸೂಜಿ.

ಮಾರುವುದು, ಕಡಿಯುವುದು, ಕಾಯುವುದು, ತಿಳಿಸುವುದು, ನಿಮ್ಮೆದುರು ಇರುವ ದಾರಿಗಳು ಈ ನಾಲ್ಕೇ. ಮಾರಿದರೆ ಕಾನೂನಿನ ತೊಡಕು ಮೊದಲು. ಕೇಂದ್ರದ 2020ರ ಕ್ರಿಯಾ ಯೋಜನೆಯಂತೆ ರೋಗ ಖಚಿತವಾದ ಜಾಗದ ಸುತ್ತ 1 ಕಿ.ಮೀ. ಸೋಂಕಿತ ವಲಯ, 10 ಕಿ.ಮೀ. ನಿಗಾ ವಲಯ. ನೀವು ನಿಗಾ ವಲಯದಲ್ಲಿದ್ದೀರಿ, ಹಂದಿ ಸಾಗಿಸುವಂತಿಲ್ಲ. ಅದಕ್ಕಿಂತ ದೊಡ್ಡದು, ಈಗ ಗೂಡು ಬಿಟ್ಟ ಒಂದು ಹಂದಿ ನಾಳೆ ಮೂರು ತಾಲ್ಲೂಕಿನ ಜಾಡಾಗುತ್ತದೆ. ಮನೆಯಲ್ಲೇ ಕಡಿದು ಫ್ರೀಜರಿಗೆ ತುಂಬುವುದೂ ಪರಿಹಾರವಲ್ಲ, ಹೆಪ್ಪುಗಟ್ಟಿದ ಮಾಂಸದಲ್ಲಿ ಈ ವೈರಸ್ ವರ್ಷಗಟ್ಟಲೆ ಬದುಕುತ್ತದೆ, ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ್ದರಲ್ಲೂ ತಿಂಗಳುಗಟ್ಟಲೆ ಉಳಿಯಬಹುದು. ಕಾದು ನೋಡುವುದರಲ್ಲಿ ಹಣದ ನಷ್ಟವೂ ಇದೆ: ಸರ್ಕಾರ ಕೊಲ್ಲಿಸಿದ ಹಂದಿಗೆ ತೂಕದ ಮೇಲೆ ಪರಿಹಾರ ಇದೆ, ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹಾಕುತ್ತವೆ, ತಾನಾಗಿ ಸತ್ತದ್ದಕ್ಕೆ ಇಲ್ಲ. ಸುಮ್ಮನಿದ್ದ ಪ್ರತಿ ದಿನ ಪರಿಹಾರ ಸಿಗುವ ಹಂದಿಗಳ ಸಂಖ್ಯೆ ಇಳಿಯುತ್ತದೆ. ಪರಿಹಾರದ ಹಣ ತಡವಾಗಿ ಬರುತ್ತದೆ, ಮಾರುಕಟ್ಟೆ ಬೆಲೆ ಮುಟ್ಟುವುದಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೂ ಇರುವುದರಲ್ಲಿ ಇದೇ ಮೇಲು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ತಿಳಿಸುವುದು ಮಾಲೀಕರ ಹೊಣೆ ಕೂಡ. ಮತ್ತು ‘ತಿಳಿಸಿದರೆ ಎಲ್ಲ ಕೊಲ್ಲುತ್ತಾರೆ’ ಎಂಬುದು ಅರ್ಧ ಸತ್ಯ. ನೀವು 1 ಕಿ.ಮೀ. ವಲಯದ ಹೊರಗಿದ್ದೀರಿ, ನಿಮ್ಮ ಮಾದರಿ ನೆಗೆಟಿವ್ ಬಂದರೆ ದೂರು ಕೊಟ್ಟ ಕಾರಣಕ್ಕೆ ಯಾರೂ ನಿಮ್ಮ ಹಂದಿ ಕೊಲ್ಲುವುದಿಲ್ಲ. ಪಾಸಿಟಿವ್ ಬಂದರೆ ಹೌದು, ಗೂಡಿನ ಎಲ್ಲವೂ ಹೋಗುತ್ತವೆ.

ನೆಗೆಟಿವ್ ಬರುವ ಸಾಧ್ಯತೆಯೂ ಸಣ್ಣದೇನಲ್ಲ. ಕ್ಲಾಸಿಕಲ್ ಹಂದಿ ಜ್ವರ, ಬ್ಯಾಕ್ಟೀರಿಯಾದಿಂದ ಬರುವ ಎರಿಸಿಪೆಲಾಸ್, ಪಾಶ್ಚುರೆಲ್ಲಾ ಸೋಂಕು ಇವೆಲ್ಲವೂ ಜ್ವರ ಮತ್ತು ಕೆಂಪು ಚರ್ಮ ಕೊಡುತ್ತವೆ. ಎರಿಸಿಪೆಲಾಸ್ ಆಗಿದ್ದರೆ ಚರ್ಮದ ಮೇಲೆ ವಜ್ರದಾಕಾರದ ಉಬ್ಬು ಕಾಣಬಹುದು, ಡಾಕ್ಟರು ಕೊಡುವ ಪೆನಿಸಿಲಿನ್‌ಗೆ ಒಂದೆರಡು ದಿನದಲ್ಲಿ ಬಗ್ಗುತ್ತದೆ. ಹೊರಗಿನಿಂದ ನೋಡಿ ಇದು ಇಂಥದೇ ಎಂದು ಯಾರೂ ಹೇಳಲಾರರು, ಅನುಭವಿಗಳೂ.

ವರದಿ ಬರುವ ತನಕದ ಕೆಲಸ ಹೀಗಿರಲಿ. ಬೆಳಗ್ಗೆ ಒಂದೇ ಹೊತ್ತಿಗೆ ಜ್ವರ ನೋಡಿ ಬರೆಯಿರಿ. ಹಂದಿಯ ಮಾಮೂಲಿ ಶಾಖ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 40 ದಾಟಿದರೆ ಗುರುತು ಹಾಕಿ, ಈ ರೋಗದಲ್ಲಿ 41–42ಕ್ಕೂ ಏರುತ್ತದೆ. ಗೂಡಿಗೊಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಮೇವು, ನೀರು, ಗುಡಿಸುವುದು ಎಲ್ಲವೂ ಮರಿ ಮತ್ತು ಆರೋಗ್ಯದ ಗೂಡುಗಳಿಂದ ಶುರುವಾಗಿ ಜ್ವರದ ಗೂಡಿನಲ್ಲಿ ಮುಗಿಯಬೇಕು. ಅಲ್ಲಿಗೆ ಬೇರೆ ಬೂಟು, ಬೇರೆ ಪೊರಕೆ, ಸಾಧ್ಯವಾದರೆ ಬೇರೆ ಆಳು. ಆ ಆಳಿನ ಮನೆಯಲ್ಲಿ ಹಂದಿ ಇರಬಾರದು. ನೆಲಕ್ಕೆ ಶೇ 2ರ ಕಾಸ್ಟಿಕ್ ಸೋಡಾ, ಅಂದರೆ 10 ಲೀಟರ್ ನೀರಿಗೆ 200 ಗ್ರಾಂ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು, ಅಲ್ಯೂಮಿನಿಯಂ ಪಾತ್ರೆ ಬೇಡ, ಹಂದಿ ಇರುವ ಗೂಡಿಗೆ ಸುರಿಯುವುದೂ ಬೇಡ. ಸಗಣಿ ಕೆರೆದು ತೊಳೆದ ಮೇಲೆ ಸುರಿದು ಅರ್ಧ ಗಂಟೆ ಒದ್ದೆಯಾಗಿ ಬಿಡಿ. ಸಗಣಿಯ ಮೇಲೆ ಯಾವ ಔಷಧ ಸುರಿದರೂ ಅದು ಸಗಣಿಯಲ್ಲೇ ಮುಗಿದುಹೋಗುತ್ತದೆ. ಗೇಟಿನಲ್ಲಿ ಬೂಟು ಅದ್ದುವ ತೊಟ್ಟಿಗೂ ಇದೇ ಮಾತು: ಮೊದಲು ಬೂಟು ತೊಳೆ, ಆಮೇಲೆ ಅದ್ದು, ನೀರು ದಿನಾ ಬದಲಿಸು.

ನಿಮ್ಮದು ತೋಟದ ಅಂಚು ಅಂದಿರಿ. 2023ರ ಆರಂಭದಲ್ಲಿ ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೈ ಕಾಡಿನಲ್ಲಿ ಕಾಡುಹಂದಿಗಳು ಸತ್ತದ್ದು ಇದೇ ರೋಗದಿಂದ. ತೋಟದಲ್ಲಿ ಸತ್ತ ಕಾಡುಹಂದಿ ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಗೂ ಪಶು ಆಸ್ಪತ್ರೆಗೂ ಜಾಗ ತಿಳಿಸಿ. ಕಾಡುಹಂದಿ ಮಾಂಸ ಕಡಿದವರು ಅಂದು ಗೂಡಿಗೆ ಬರಬಾರದು. ಬೆಲ್ಜಿಯಂನಲ್ಲಿ 2018ರಲ್ಲಿ ಕಾಡುಹಂದಿಗೆ ಬಂದ ರೋಗವನ್ನು ಬೇಲಿ ಹಾಕಿ, ಹೆಣಗಳನ್ನು ಹುಡುಕಿ ಎತ್ತಿಸಿ, ಸಾಕುಹಂದಿಗೆ ಮುಟ್ಟದಂತೆ ಎರಡೇ ವರ್ಷದಲ್ಲಿ ಮುಗಿಸಿದರು. ನಮ್ಮ ಕಾಡಿನಲ್ಲಿ ಅಂಥ ಬೇಲಿ ಆಗದ ಮಾತು, ನಿಮ್ಮ ಗೂಡಿನ ಸುತ್ತ ಕಲ್ಲುಕಂಬ ಮತ್ತು ಮೆಶ್ ಆಗುತ್ತದೆ.

ಕೊನೆಗೆ, ಪಾಸಿಟಿವ್ ಬಂದು ಗೂಡು ಖಾಲಿಯಾದರೆ ಮರುಸಾಕಣೆಗೆ ಆತುರ ಬೇಡ. ಇಲಾಖೆ ನಿರ್ಬಂಧ ತೆಗೆದ ಮೇಲೂ, ತೊಳೆದು ಔಷಧ ಹಾಕಿದ ಗೂಡನ್ನು ಕನಿಷ್ಠ 40 ದಿನ ಖಾಲಿ ಬಿಟ್ಟು, ಆಮೇಲೆ ಗೂಡಿನ ಸಾಮರ್ಥ್ಯದ ಹತ್ತರಲ್ಲೊಂದು ಪಾಲು, ನಿಮ್ಮಲ್ಲಿ ಆರು ಮರಿ, ಮೊದಲು ತಂದು ಎಲ್ಲ ಗೂಡುಗಳಲ್ಲೂ ಓಡಾಡಿಸಿ. ಆರು ವಾರ ಪ್ರತಿದಿನ ಜ್ವರ ನೋಡಿ, ಒಂದು ಸತ್ತರೂ ಮಾದರಿ ಕಳಿಸಿ. ಆರೂ ಉಳಿದರೆ ಉಳಿದ ಮರಿಗಳನ್ನು ಒಂದೇ ಕಡೆಯಿಂದ ತನ್ನಿ. ಮೂರು ಸಂತೆಯಿಂದ ತಂದರೆ ಮುಂದಿನ ಸಲ ಹಿಂದಿನ ಜಾಡು ಮೂರಾಗುತ್ತದೆ.